ಬೆಕ್ಕಿನ ಪುಟ

"ಬೆಕ್ಕಿಗೆ ಒಂಬತ್ತು ಜೀವ ಅಂತೆ. ಕೂತು ಎಣಿಸಿದೋರು ಯಾರು?"

ಅವಳು ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿ ಕಾರ್ಡು ಹಿಡಿದು, ಮೇಲೆ ತಿರುಗುತ್ತಿದ್ದ ಫ್ಯಾನಿಗೆ ಕೇಳಿದಂತೆ ಕೇಳಿದಳು. ಓದುವ ಕೋಣೆಯಲ್ಲಿ ಇದ್ದವರು ಇಬ್ಬರೇ. ಅವಳು ಓದುವವಳು, ಅವನು ಕೇಳುವವನು.

ಅವನು ಅಚ್ಚಾದ ಹಾಳೆಯ ಮೇಲೆ ಸ್ಕೇಲನ್ನು ಹಾಗೇ ಹಿಡಿದು, ತಲೆಯೆತ್ತದೆ ಅಂದ: "ಕಾರ್ಡಲ್ಲಿ ಅಷ್ಟೇ ಇದೆಯಾ, ಮುಂದೆ ಏನಾದ್ರೂ ಇದೆಯಾ?"

"ಇದೆ. ಒಂಬತ್ತು ಜೀವದವನು, ಕಾಮಾ, ಗಟ್ಟಿ ಪಿಂಡ, ಸ್ಟಾಪ್."

"ಹಾಗಾದ್ರೆ ಎಣಿಸಿದೋರ ವಿಚಾರ ಪ್ರೂಫಲ್ಲಿ ಸೇರಿಸೋ ಹಾಗಿಲ್ಲ."

"ಗೊತ್ತು ಸರ್. ನನ್ನ ತಲೆಯಲ್ಲಿ ಸೇರಿಸ್ಕೊಂಡೆ, ಅಷ್ಟೇ."

ಕೆಳಗೆ ಅಚ್ಚುಮನೆ, ಮೇಲೆ ನಿಘಂಟಿನ ಕಚೇರಿ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಕೊಡುವ ದೊಡ್ಡ ನಿಘಂಟು ಅದು. ಶುರುವಾಗಿ ಆರು ವರ್ಷವಾಗಿದ್ದರೂ ಇನ್ನೂ ಮೂರನೆಯ ಅಕ್ಷರದಲ್ಲಿತ್ತು. ಪ್ರೂಫ್ ತಿದ್ದಲು ಈ ಮನೆಯದು ಹಳೆಯ ಪದ್ಧತಿ. ಎಲ್ಲರೂ ಯಜಮಾನರು ಎಂದು ಕರೆಯುತ್ತಿದ್ದ ಸಂಪಾದಕರ ಕೈಬರಹದ ಕಾರ್ಡನ್ನು ಒಬ್ಬರು ಗಟ್ಟಿಯಾಗಿ ಓದಬೇಕು; ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲುಸಾಲಾಗಿ ಹಿಂಬಾಲಿಸಬೇಕು. ಕಾಮಾ, ಸ್ಟಾಪು, ಕಂಸ, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಓದುವ ದನಿಯಲ್ಲಿ ಭಾವ ಇರಕೂಡದು; ಭಾವ ಬಂದರೆ ಕಿವಿ ಅದರ ಬೆನ್ನು ಹತ್ತುತ್ತದೆ, ಕಣ್ಣು ತಪ್ಪನ್ನು ಬಿಟ್ಟುಬಿಡುತ್ತದೆ. ಒಬ್ಬರ ಮುಖ ಒಬ್ಬರು ನೋಡಕೂಡದು. ಅದಕ್ಕೆಂದೇ ಮೇಜಿನ ನಡುವೆ ಮೊಣಕೈ ಎತ್ತರದ ಒಂದು ಓರೆ ಹಲಗೆ.

ದಿನವಿಡೀ ಓದುವ ಅವಳಿಗೆ ಕಚೇರಿಯವರು ರೇಡಿಯೋ ಎಂದು ಹೆಸರಿಟ್ಟಿದ್ದರು. ಹಾಳೆಯ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿಸಿಕೊಂಡ ಅವನಿಗೆ ಕಾಮಾ ಎಂದು. ಅವಳಿಗೆ ಮೂವತ್ತೆಂಟು, ಅವನಿಗೆ ನಲವತ್ತನಾಲ್ಕು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಯಾಕಾಗಿಲ್ಲ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು.

"ಮುಂದಿಂದು ಓದಿ."

"ಕಾದ ಇಟ್ಟಿಗೆ ಮೇಲಿನ ಬೆಕ್ಕು. ಕಾಲು ಸುಟ್ಟ ಬೆಕ್ಕಿನ ಹಾಗೆ, ಸ್ಟಾಪ್."

"ಕಾಲಾ?"

"ಕಾರ್ಡಲ್ಲಿ ಕಾಲು ಅಂತಲೇ ಇದೆ. ಮೊದಲು ಬೇರೆ ಏನೋ ಬರೆದು ಹೊಡೆದುಹಾಕಿದಾರೆ."

"ಏನು ಬರೆದಿದ್ರು?"

"ಬೆಕ್ಕಿಗೆ ಎಲ್ಲಿ ಸುಟ್ಟಿರುತ್ತೆ ಅಂತ ನಿಮಗೆ ಗೊತ್ತಿಲ್ವಾ ಸರ್? ನಮ್ಮಜ್ಜಿ ದಿನಕ್ಕೆ ನಾಲ್ಕು ಸಲ ಹೇಳೋಳು. ಯಜಮಾನರು ಮರ್ಯಾದಸ್ಥರು, ಮಕ್ಕಳು ಓದೋ ಪುಸ್ತಕ ಅಂತ ಉರೀನ ಸ್ವಲ್ಪ ಕೆಳಗೆ ಇಳಿಸಿದಾರೆ."

ಅವನಿಗೆ ನಗು ತಡೆಯಲಾಗಲಿಲ್ಲ. ಹಲಗೆಯ ಆಚೆ ಅವಳೂ ನಕ್ಕಳು. ನಗುವಾಗ ಅವನು ಕಿಟಕಿಯ ಕಡೆ ನೋಡಿದ.

ಅವನು ಯಾವಾಗಲೂ ಹಾಗೆಯೇ. ಅವಳು ಮಾತಾಡಿದರೆ ಕಿಟಕಿ ನೋಡುತ್ತಾನೆ, ಅವಳು ಎದ್ದರೆ ಗೋಡೆ ನೋಡುತ್ತಾನೆ. ಪಾಪ, ನಾಚಿಕೆ ಸ್ವಭಾವ, ಎನ್ನುತ್ತಿದ್ದರು ಜನ. ನಾಚಿಕೆಯಾಗಿರಲಿಲ್ಲ ಅದು. ಒಂದೂವರೆ ವರ್ಷದಿಂದ ಅವನ ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಬಂದು ಕೂತಿತ್ತು. ಯಾವುದನ್ನು ನೇರವಾಗಿ ನೋಡುತ್ತಾನೋ ಅದೇ ಅಳಿಸಿಹೋಗುತ್ತಿತ್ತು. ಉಳಿದದ್ದು ಅಂಚು ಮಾತ್ರ. ಅವಳನ್ನು ನೋಡಬೇಕಾದರೆ ಕಿಟಕಿಯನ್ನು ನೋಡಬೇಕು. ಆಗ ಕಣ್ಣಿನ ಕೊನೆಯಲ್ಲಿ, ಕಳ್ಳನಂತೆ, ಅವಳು ಬರುತ್ತಿದ್ದಳು. ಕಿವಿಯ ಓಲೆಯ ಸಣ್ಣ ಮಿನುಗು. ಕಾರ್ಡು ತಿರುವುವ ಮೊದಲು ತುಟಿಗೆ ತಾಗಿಸಿಕೊಳ್ಳುವ ಬೆರಳು. ಆಸೆ ತಡೆಯದೆ ತಿರುಗಿ ನೇರ ನೋಡಿದರೋ, ಮುಖ ಇರಬೇಕಾದ ಕಡೆ ಮಂಜು.

ಈ ಸಂಗತಿ ಗೊತ್ತಿದ್ದದ್ದು ಕಣ್ಣಿನ ಡಾಕ್ಟರಿಗೆ ಮತ್ತು ದೂರದೂರಿನಲ್ಲಿದ್ದ ಅಕ್ಕನಿಗೆ. ಕಚೇರಿಗೆ ಗೊತ್ತಾದ ದಿನ ಈ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಹೋಗಲಿ, ಹಲಗೆಯಾಚೆಯ ಆ ದನಿಯೂ ಅದರ ಜೊತೆಗೇ ಹೋಗುತ್ತದೆ. ಅದಕ್ಕಾಗಿ ಅವನು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರುತ್ತಿದ್ದ. ಡ್ರಾಯರಿನ ತಳದಿಂದ ಭೂತಗನ್ನಡಿ ತೆಗೆದು, ಕತ್ತು ಓರೆ ಮಾಡಿ, ಅಕ್ಷರಕ್ಕೊಂದು ಉಸಿರಿನಂತೆ ಪುಟವನ್ನು ಒಮ್ಮೆ ಸವರಿ ಇಡುತ್ತಿದ್ದ. ಅವಳ ಹೆಜ್ಜೆ ಮೆಟ್ಟಿಲಲ್ಲಿ ಕೇಳಿದರೆ ಗಾಜು ಒಳಗೆ. ಆಮೇಲೆ ಅವಳು ಓದಿದಷ್ಟು ವೇಗಕ್ಕೆ ಸ್ಕೇಲನ್ನು ಸರಿಸುವುದು, ಅಷ್ಟೇ. ಹಾಳೆ ಅವನ ಪಾಲಿಗೆ ಬೂದಿ ಬಳಿದ ಬಟ್ಟೆಯಂತಿರುತ್ತಿತ್ತು.

ಆದರೂ ತಪ್ಪುಗಳು ಸಿಗುತ್ತಿದ್ದವು. ಅದೊಂದು ವಿಚಿತ್ರ.

ಅವನು ಬೆಳೆದದ್ದು ತಾತನ ಬಾಯಿಂದ ಪದ್ಯ ಕೇಳಿಕೊಂಡು. ತಾತನಿಗೂ ಕಣ್ಣಿರಲಿಲ್ಲ, ವಂಶದಲ್ಲಿ ಇಳಿದು ಬಂದದ್ದು ಈ ಮಚ್ಚೆ. ಸಂಜೆಯಾದರೆ ಮುದುಕ ಗೋಡೆಗೆ ಒರಗಿ, ದೇವರೆದುರು ಕೂತವನಂತೆ ಬೆನ್ನು ನೆಟ್ಟಗೆ ಮಾಡಿ, ನೂರಾರು ಪದ್ಯ ಹೇಳುತ್ತಿದ್ದರು. "ಮಾತನ್ನ ಎಲ್ಲರೂ ಕೇಳ್ತಾರೆ ಮಗಾ. ಉಸಿರು ಎಲ್ಲಿ ನಿಲ್ಲುತ್ತೆ ಅಂತ ಕೇಳೋನು ಕೇಳುಗ" ಎನ್ನುತ್ತಿದ್ದರು. ಹಾಗೆ ಪಳಗಿದ ಕಿವಿ ಅದು. ಎಂಟು ತಿಂಗಳಿಂದ ಅವಳ ದನಿ ಪುಟಕ್ಕೆ ಐದಾರು ಕಡೆ ನಿಲ್ಲುತ್ತಿತ್ತು. ಬೇರೆಯವರಿಗೆ ಗೊತ್ತೇ ಆಗದಷ್ಟು, ಎಲೆಯಿಂದ ಹನಿ ಕಳಚುವ ಮೊದಲು ತಡೆಯುವಷ್ಟು. ಅವಳು ನಿಂತ ಕಡೆಯೆಲ್ಲ ಅವನು ಹಾಳೆಯ ಬದಿಗೆ ಕೆಂಪು ಚುಕ್ಕೆ ಇಡುತ್ತಿದ್ದ. ತಿದ್ದುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ಅವಳು ಊಟಕ್ಕೆ ಹೋದಾಗ ಗಾಜು ತೆಗೆದು ಆ ಚುಕ್ಕೆಯ ಸಾಲು ನೋಡಿದರೆ, ಅಲ್ಲೊಂದು ತಪ್ಪು!

ಅದಕ್ಕೆ ಅವನೊಂದು ಕಾರಣ ಕಟ್ಟಿಕೊಂಡಿದ್ದ. ಯಜಮಾನರ ಕೈಬರಹ ಕೋಳಿಗೀರಾದ ಕಡೆ ಅಕ್ಷರ ಜೋಡಿಸುವವನೂ ಎಡವುತ್ತಾನೆ, ಓದುವವಳೂ ಎಡವುತ್ತಾಳೆ. ಸರಿಯಾದ ಕಾರಣವೇ. ಆದರೆ ಮನಸ್ಸಿಗೆ ಇನ್ನೊಂದು ಕಾರಣ ಬೇಕಾಗಿತ್ತು. ಇಷ್ಟು ಚೆನ್ನಾಗಿ ಓದುವವಳು, ಕೈಬರಹಕ್ಕೆ ಎಡವುವವಳಾ ಇವಳು? ಅವಳು ತಡವರಿಸುವುದು ಬೇರೆ ಯಾವುದಕ್ಕೋ. ಮನೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ನಂಬರು ಕಾಣದೆ ಪಕ್ಕದವರನ್ನು ಕೇಳುತ್ತ ನಿಂತಾಗಲೂ, ಅವನ ಎದೆಯಲ್ಲಿ ಆ ಐದಾರು ಚುಕ್ಕೆ ಬೆಚ್ಚಗಿರುತ್ತಿದ್ದವು.

ಬೆಕ್ಕಿನ ಪುಟದ ಮೊದಲ ಕಾಲಂ ಮುಗಿಯುವ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಕೇಳಿಸಿಕೊಂಡಳು. "ಯಾವಾಗ? ಎತ್ತಬೇಡಿ, ಹಾಗೇ ಮಲಗಿಸಿರಿ, ಬಂದೆ" ಎಂದಳು. ಅವಳಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದರು.

ಚೀಲಕ್ಕೆ ಕೈ ಹಾಕಿ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಸರ್, ಈ ಪುಟ ಹೀಗೇ ಇರ್ಲಿ. ಇನ್ನೆರಡು ಕಾಲಂ ನಾನು ಬಂದ ಮೇಲೇ ಓದೋಣ. ಬೇರೆ ಯಾರ ಕೈಲೂ ಓದಿಸಬೇಡಿ."

"ಬೆಕ್ಕು ಎಲ್ಲೂ ಓಡಿಹೋಗಲ್ಲ. ನೀವು ಮೊದಲು ಹೊರಡಿ."

"ಮಾತು ಕೊಡಿ."

"ಕೊಟ್ಟೆ."

ಅಪ್ಪ ಬಿದ್ದಿರುವ ಹೊತ್ತಿನಲ್ಲೂ ತನ್ನ ಎದುರು ಬೇರೆಯವರು ಕೂರಬಾರದು ಎನ್ನುತ್ತಾಳಲ್ಲ! ಅವಳ ಹೆಜ್ಜೆ ಕೆಳಗಿಳಿಯುವುದನ್ನು ಕೊನೆಯ ಮೆಟ್ಟಿಲವರೆಗೂ ಕೇಳಿದ. ಆ ಹೊತ್ತಿಗೆ ಸಂತೋಷಪಟ್ಟದ್ದಕ್ಕೆ ಕೂಡಲೇ ನಾಚಿ, ಅವಳಪ್ಪನಿಗಾಗಿ ದೇವರನ್ನು ಬೇಡಿಕೊಂಡ.

ಮೂರನೆಯ ದಿನ ಯಜಮಾನರು ಬಂದರು. "ರೇಡಿಯೋ ಬರೋದು ಇನ್ನೂ ಮೂರು ದಿನ ಅಂತೆ. ಅಪ್ಪನ ಸೊಂಟದ ಮೂಳೆ ಮುರಿದಿದೆ. ಈ ಪುಟ ಒಂದರಿಂದ ಕೆಳಗೆ ಮಿಷನ್ನು ಸುಮ್ಮನೆ ನಿಂತಿದೆ. ಅಕ್ಷರ ಜೋಡಿಸೋನನ್ನೇ ಕಳಿಸ್ತೀನಿ, ಓದಿಸ್ಕೊಳ್ಳಿ."

ಕೊಟ್ಟ ಮಾತು ನೆನಪಾಯಿತು. ಆದರೆ ಅವಳಿಲ್ಲದೆ ಆಗುವುದಿಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಅವನಲ್ಲಿ ಒಂದೇ ಉತ್ತರವಿತ್ತು.

"ಆಗ್ಲಿ ಸರ್" ಎಂದ.

ಅಕ್ಷರ ಜೋಡಿಸುವವನ ಹೆಸರು ಎಕ್ಸ್‌ಪ್ರೆಸ್. ಯಾಕೆಂದು ಹೇಳಬೇಕಾಗಿಲ್ಲ. ಬೆಕ್ಕಿನ ಎರಡು ಕಾಲಮ್ಮುಗಳನ್ನು ಎಲ್ಲಿಯೂ ನಿಲ್ದಾಣವಿಲ್ಲದಂತೆ ಓದಿದ.

"ಸ್ವಲ್ಪ ನಿಧಾನ ಕಣಪ್ಪಾ."

"ಬೆಕ್ಕಿನ ವಿಷಯ ಸಾರ್, ಇನ್ನೆಷ್ಟು ನಿಧಾನ? ಮುಂದೆ ಆನೆ ಬಂದಾಗ ನಿಧಾನಕ್ಕೆ ಓದ್ತೀನಿ ಬಿಡಿ."

ಕೆಂಪು ಪೆನ್ನು ಬೆರಳಿನಲ್ಲಿ ಕಾದು ಕೂತಿತ್ತು. ದನಿ ಎಲ್ಲೂ ನಿಲ್ಲಲಿಲ್ಲ, ಚುಕ್ಕೆ ಎಲ್ಲೂ ಬೀಳಲಿಲ್ಲ. ಪುಟದ ಕೆಳಗೆ ಸಹಿ ಹಾಕಿ ಕಳಿಸಿದ.

ಮಾರನೆಯ ದಿನ ಯಜಮಾನರು ಅದೇ ಹಾಳೆ ಹಿಡಿದು ಮೇಲೆ ಬಂದರು. ಕೂಗಾಡುವ ಜನವಲ್ಲ ಅವರು. ಕೂಗಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳ ಕುರ್ಚಿಯಲ್ಲಿ ಕೂತು ಓದಿದರು. "ಚೀಲದಿಂದ ಬೆಕ್ಕನ್ನು ಹೊರಬಿಡು: ನಾಲಿಗೆ ಬಿದ್ದುಹೋಯಿತೇ? ಬೆಕ್ಕು ನಿನ್ನ ನಾಲಿಗೆ ಕಚ್ಚಿಕೊಂಡು ಹೋಯಿತೇ: ಗುಟ್ಟು ರಟ್ಟು ಮಾಡು. ಎರಡು ಸಾಲು ಅದಲುಬದಲು. ಬೆಕ್ಕಿಲ್ಲದ ಮನೆಯಲ್ಲಿ ಇಲಿಗಳ ಆಟ ಅನ್ನೋದಕ್ಕೆ ಹೇಳೋರು ಕೇಳೋರು ಇಲ್ಲದ ಮನೆ ಅಂತ ಕೊಟ್ಟಿದ್ದೆ. ಹೇಳೋರು ಹೋಗಿದಾರೆ, ಬರೀ ಕೇಳೋರು ಉಳಿದಿದಾರೆ. ಒಟ್ಟು ಏಳು ತಪ್ಪು."

ಅವನು ಸ್ಕೇಲನ್ನು ಮೇಜಿನ ಅಂಚಿಗೆ ಸರಿಸಿದ.

"ಎಂಟು ತಿಂಗಳಲ್ಲಿ ಒಂದೂ ಇಲ್ಲ. ಒಂದೇ ಪುಟದಲ್ಲಿ ಏಳು. ಮನಸ್ಸು ಸರಿಯಿಲ್ವಾ?" ಹಾಳೆಯನ್ನು ಅವನ ಮುಂದೆ ಇಟ್ಟರು. "ನೀವೇ ಒಂದು ಸಲ ನೋಡಿ."

ನೋಡಿದ. ಮಂಜು.

"ಮನಸ್ಸು ಸರಿಯಿದೆ ಸರ್" ಎಂದ. ಯಜಮಾನರು ಅವನ ಕಣ್ಣುಗಳನ್ನು, ಅವು ನೋಡುತ್ತಿದ್ದ ತಪ್ಪು ಜಾಗವನ್ನು, ಸ್ವಲ್ಪ ಹೊತ್ತು ನೋಡಿ, ಭುಜ ಮುಟ್ಟಿ ಎದ್ದು ಹೋದರು.

ಸಂಜೆಗೆ ಎಕ್ಸ್‌ಪ್ರೆಸ್ ಕಾರ್ಡಿನ ಪೆಟ್ಟಿಗೆಗಳನ್ನು ತಂದಿಟ್ಟ. "ಸಾರ್, ಹಳೇ ಕಾರ್ಡಲ್ಲೆಲ್ಲ ರೇಡಿಯೋ ಅಕ್ಕ ಪೆನ್ಸಿಲ್ ಗೀಟು ಹಾಕಿದಾರಲ್ಲ, ಅಳಿಸೋದಾ ಇಡೋದಾ? ಈ ಬೆಕ್ಕಿನ ಮೊದಲನೇ ಕಾಲಮ್ಮಲ್ಲೂ ಇದೆ. ಆಮೇಲಿನ ಎರಡರಲ್ಲಿ ಇಲ್ಲ."

"ಗೀಟಾ?"

"ಸಣ್ಣದು ಸಾರ್. ಪದದ ತಲೆ ಮೇಲೆ, ಇರುವೆ ಕೂತ ಹಾಗೆ."

ಎಕ್ಸ್‌ಪ್ರೆಸ್ ಹೋದ ಮೇಲೆ ಅವನು ಭೂತಗನ್ನಡಿಯನ್ನು ಡ್ರಾಯರಿನಿಂದ ತೆಗೆದು, ಈ ಸಲ ಯಾರ ಹೆಜ್ಜೆಗೂ ಹೆದರದೆ, ಮೇಜಿನ ಮೇಲೇ ಇಟ್ಟ. ಒಂದು ಕೈಯಲ್ಲಿ ಅವಳು ಓದಿದ ಕಾರ್ಡು, ಇನ್ನೊಂದರಲ್ಲಿ ತಾನು ತಿದ್ದಿದ ಹಾಳೆ. ಅವಳ ಪೆನ್ಸಿಲ್ ಗೀಟು ಇದ್ದ ಪದದಲ್ಲಿ ಅವನ ಕೆಂಪು ಚುಕ್ಕೆ. ಇನ್ನೊಂದು ಗೀಟು, ಇನ್ನೊಂದು ಚುಕ್ಕೆ. ಪುಟದ ಮೇಲೆ ಪುಟ, ತಿಂಗಳ ಹಿಂದೆ ತಿಂಗಳು.

ಪ್ರತಿ ಪುಟದ ಪ್ರೂಫು ಎರಡು ಪ್ರತಿ ಬರುತ್ತಿತ್ತು. ಎರಡನೆಯದನ್ನು ಅವಳು ಮಡಚಿ, ಮಾರನೆಯ ದಿನ ಓದಬೇಕಾದ ಕಾರ್ಡುಗಳ ಜೊತೆ ಮನೆಗೆ ಒಯ್ಯುತ್ತಿದ್ದಳು. ಹಾಳೆ ಅಪ್ಪನ ಔಷಧದ ಕಪಾಟಿಗೆ ಹಾಸುವುದಕ್ಕೆ ಎನ್ನುತ್ತಿದ್ದಳು. ಯಾವ ಕಪಾಟಿಗೆ ಎಂಟು ತಿಂಗಳು ದಿನಕ್ಕೊಂದು ಹಾಳೆ ಹಾಸುತ್ತಾರೆ? ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳು ಮನೆಯಲ್ಲಿ ಕೂತು ಅವನ ಕೆಲಸವನ್ನು ಮಾಡಿ ಮುಗಿಸಿ, ತಪ್ಪಿರುವ ಪದದ ತಲೆಯ ಮೇಲೆ ಗುರುತಿಟ್ಟುಕೊಂಡು, ಮಾರನೆಯ ದಿನ ಅಲ್ಲಲ್ಲಿ ಉಸಿರು ನಿಲ್ಲಿಸುತ್ತಿದ್ದಳು. ಇವನು ಅದನ್ನು ಎದೆಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಜಗತ್ತಿಗೆ ಕಾಣುವುದಿಲ್ಲ ಎಂದುಕೊಂಡು. ಇಂಗ್ಲಿಷಿನಲ್ಲಿ ಜೋಡಿ ಸಿಗಲಿಲ್ಲವೆಂದು ಯಜಮಾನರು ಈ ಗಾದೆಯನ್ನು ಪುಟದಿಂದ ಕೈಬಿಟ್ಟಿದ್ದರು.

ಬೆಳಿಗ್ಗೆ ರಾಜೀನಾಮೆ ಪತ್ರವನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದು ಯಜಮಾನರ ಮೇಜಿನ ಮೇಲಿಟ್ಟ. ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಆ ಹಿಂದಿನ ಕೋಣೆ ಇನ್ನೂ ಖಾಲಿ ಇದೆಯಾ?"

"ನಿನಗೆ ಅಂತಲೇ ಖಾಲಿ ಇಟ್ಟಿರೋದು ಕಣೋ. ನಿಮ್ಮ ಭಾವ ಮೂರು ಸಲ ಸುಣ್ಣ ಹೊಡೆಸಿದಾರೆ. ಯಾಕೋ, ಅಳ್ತಿದೀಯಾ?"

"ಇಲ್ಲ. ಶೀತ."

ಅವಳು ಬಂದದ್ದು ಆರನೆಯ ದಿನ, ಮಧ್ಯಾಹ್ನದ ಮೇಲೆ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದಾಗ ಅವನು ಡ್ರಾಯರು ಖಾಲಿ ಮಾಡುತ್ತಿದ್ದ. ಎಂದಿನ ಹೆಜ್ಜೆಯಲ್ಲ, ಎರಡೆರಡು ಮೆಟ್ಟಿಲು ಹಾರಿ ಬರುವ ಹೆಜ್ಜೆ. ಕೆಳಗೆ ಯಾರೋ ಹೇಳಿದ್ದರು.

"ಮಾತು ಕೊಟ್ಟಿದ್ರಿ" ಎಂದಳು, ಬಾಗಿಲಲ್ಲೇ ನಿಂತು.

"ತಪ್ಪಿದೆ. ಅಪ್ಪ ಹೇಗಿದಾರೆ?"

"ಮಲಗಿದಾರೆ. ಇನ್ನು ಏಳಲ್ಲ ಅಂತಾರೆ. ಮಾತು ತಿರುಗಿಸಬೇಡಿ." ಒಳಗೆ ಬಂದಳು. "ಏಳು ತಪ್ಪು ಅಂತೆ. ಆಗ್ಲಿ. ಯಾರಿಗೆ ಆಗಲ್ಲ? ಅಷ್ಟಕ್ಕೆ ಪತ್ರ ಬರೆದು ಕೊಡೋದಾ?"

"ಏಳಕ್ಕೆ ಅಲ್ಲ. ಅದಕ್ಕೆ ಮುಂಚೆ ಒಂದೂ ಇರ್ಲಿಲ್ಲ ಅಲ್ವಾ, ಅದಕ್ಕೆ."

ಅವಳು ಮೇಜಿನ ಕಡೆ ನೋಡಿರಬೇಕು. ಭೂತಗನ್ನಡಿ, ಕಾರ್ಡುಗಳು, ಕೆಂಪು ಚುಕ್ಕೆಯ ಹಾಳೆಗಳು ಅಲ್ಲೇ ಇದ್ದವು. ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಯಾವಾಗಿಂದ ಗೊತ್ತು ನಿಮಗೆ?" ಎಂದು ಅವನು ಕೇಳಿದ.

"ಎಂಟು ತಿಂಗಳಾಯ್ತು. ಒಂದು ದಿನ ನಾನು ಓದ್ತಾ ಇದ್ದೆ, ನೀವು ಸ್ಕೇಲ್ ಸರಿಸ್ತಾ ಇದ್ರಿ. ಹಲಗೆ ಮೇಲಿಂದ ಕಾರ್ಡು ಆ ಕಡೆ ಜಾರಿತು ಅಂತ ಎದ್ದು ನೋಡಿದ್ರೆ..." ಸ್ವಲ್ಪ ತಡೆದಳು. "ಹಾಳೆ ತಲೆಕೆಳಗಾಗಿತ್ತು ಸರ್. ನೀವು ಹ್ಞೂಂ, ಮುಂದೆ, ಅಂದ್ರಿ. ನಾನು ಕೂತು ಪೂರ್ತಿ ಪುಟ ಓದಿ ಮುಗಿಸಿದೆ. ಆಮೇಲೆ ಗಾಳಿಗೆ ಹಾರಿತು ಅನ್ನೋ ನೆಪ ಮಾಡಿ ಎತ್ತಿ ಸರಿಯಾಗಿ ಇಟ್ಟೆ."

ಅವನಿಗೆ ಆ ದಿನ ನೆನಪಾಯಿತು. ಕಿಟಕಿ ಮುಚ್ಚಿತ್ತು. ಗಾಳಿ ಎಲ್ಲಿಂದ ಬಂತು ಎಂದು ಆಗಲೂ ಕೇಳಿರಲಿಲ್ಲ.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ" ಎಂದ. "ನೀವು ಅಲ್ಲಲ್ಲಿ ನಿಲ್ತಾ ಇದ್ದದ್ದನ್ನ."

"ಏನಂದ್ಕೊಂಡಿದ್ರಿ?"

ಅವನು ಡ್ರಾಯರು ಮುಚ್ಚಿದ, ತೆರೆದ.

"ಹೇಳಿ. ನಾಲಿಗೆ ಬಿದ್ದುಹೋಯ್ತಾ?"

"ಪ್ರೀತಿ ಅಂದ್ಕೊಂಡಿದ್ದೆ."

"ಈಗ ಏನಂತ ತಿದ್ದಿದೀರಿ ಅದನ್ನ?"

"ಕನಿಕರ ಅಂತ."

ಅವಳು ನಕ್ಕಳು. ಆ ನಗುವಿನೊಳಗೆ ನೀರಿತ್ತು. "ಕನಿಕರಕ್ಕೆ ಒಂದು ವಾರ ಸಾಕು ಸರ್. ಅಪ್ಪನಿಗೆ ಪೇಪರ್ ಓದಿ, ಊಟ ಮಾಡಿಸಿ, ಆಮೇಲೆ ದಿನಾ ಎರಡು ಗಂಟೆ ನಿಮ್ಮ ಕಾಗುಣಿತ ನೋಡೋಕೆ ಕನಿಕರ ಸಾಲಲ್ಲ."

ಅವನು ಹಾಳೆಗಳನ್ನು ತಡವಿ ಮೂರನ್ನು ಬೇರೆ ಮಾಡಿದ. "ಈ ಮೂರು ಕಡೆ ನನ್ನ ಚುಕ್ಕೆ ಇದೆ. ನಿಮ್ಮ ಗೀಟಿಲ್ಲ. ತಪ್ಪೂ ಇಲ್ಲ. ಇಲ್ಲಿ ಯಾಕೆ ನಿಂತ್ರಿ?"

ಹಾಳೆಗಳು ಅವಳ ಕಡೆಗೆ ಸರಿದ ಸದ್ದಾಯಿತು.

"ಆಗ ನೀವು ಕಿಟಕಿ ನೋಡ್ತಾ ಇದ್ರಿ" ಎಂದಳು. "ನೀವು ಕಿಟಕಿ ನೋಡೋದು ಯಾತಕ್ಕೆ ಅಂತ ಆಮೇಲಾಮೇಲೆ ಗೊತ್ತಾಯ್ತು ನನಗೆ. ಕಣ್ಣಿನ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬಂದೆ, ನಮ್ಮ ಮನೆಯವರಿಗೆ ಹೀಗಾಗಿದೆ ಅಂತ ಹೇಳಿ. ಅವತ್ತಿಂದ ನೀವು ಕಿಟಕಿ ಕಡೆ ತಿರುಗಿದಾಗೆಲ್ಲ ನನಗೆ ಓದೋಕೆ ಆಗ್ತಿರಲಿಲ್ಲ. ಮೂರೇ ಸಲ ಸಿಕ್ಕಿಬಿದ್ದಿದೀನಿ. ಉಳಿದದ್ದು ಹೇಗೋ ನುಂಗಿಕೊಂಡೆ."

ನಮ್ಮ ಮನೆಯವರು. ಅವನಿಗೆ ಆ ಎರಡು ಪದ ಸಾಕಾಯಿತು. ಒಂದು ಜನ್ಮಕ್ಕೆ ಸಾಕಾಗುವಷ್ಟು. ಕೆಳಗೆ ಅಚ್ಚಿನ ಯಂತ್ರ ಒಂದೇ ಲಯದಲ್ಲಿ ಹೊಡೆದುಕೊಳ್ಳುತ್ತಿತ್ತು.

"ಹೋಗಬೇಡಿ" ಎಂದಳು. "ಯಜಮಾನರ ಹತ್ರ ನಾನು ಮಾತಾಡ್ತೀನಿ. ನಾನೇ ಓದಿ ನಾನೇ ನೋಡ್ತೀನಿ, ನೀವು ಕೇಳಿ. ಮಾತು ಎಲ್ಲಿ ತಪ್ಪುತ್ತೆ ಅಂತ ನಿಮ್ಮ ಕಿವಿಗೆ ಗೊತ್ತಾಗೋದು ಯಾರ ಕಣ್ಣಿಗೂ ಗೊತ್ತಾಗಲ್ಲ. ಕಚೇರಿ ಬೇಡ ಅಂದ್ರೆ ಬೇಡ. ನಮ್ಮನೆ ಇದೆ."

"ನಿಮ್ಮನೇಲಿ ಈಗಾಗಲೇ ಒಬ್ಬರು ಮಲಗಿದಾರೆ."

"ಹೌದು. ಅದಕ್ಕೇ ಭಾರ ಅಂದ್ರೆ ಏನು ಅಂತ ನನಗೆ ಗೊತ್ತು. ಅವರನ್ನ ಎರಡು ಮಹಡಿ ಹೊತ್ತು ಇಳಿಸಿದೀನಿ. ನೀವು ಭಾರ ಅಲ್ಲ. ನೀವು ಬರೀ ಹಠ."

ಅವನು ನಗಲು ನೋಡಿದ. "ತಾತ ಪದ್ಯ ಹೇಳ್ತಿದ್ರು ಅಂತ ಹೇಳಿದ್ನಲ್ಲ. ಊರೆಲ್ಲ ಕೂತು ಕೇಳೋರು. ಅವರನ್ನ ಕೈ ಹಿಡಿದು ಕರ್ಕೊಂಡು ಬಂದು ಕೂರಿಸ್ತಿದ್ದೋಳು ನಮ್ಮಮ್ಮ, ಸೊಸೆ. ಬಚ್ಚಲಿಗೆ ಅವಳು, ಬೀದಿಗೆ ಅವಳು, ಊಟಕ್ಕೆ ಅವಳು. ಇಪ್ಪತ್ತೆರಡು ವರ್ಷ. ತಾತ ಹೋದ ದಿನ ಎಲ್ಲರೂ ಅತ್ತರು, ಅಮ್ಮ ಅಳಲಿಲ್ಲ. ತನ್ನ ಬಲಗೈಯನ್ನೇ ನೋಡ್ತಾ ಕೂತಿದ್ಲು. ಯಾರದೋ ಕೈ ಅನ್ನೋ ಹಾಗೆ. ಅದನ್ನ ನೋಡಿದೋನು ನಾನು. ಆಗ ಕಣ್ಣಿತ್ತು ನನಗೆ."

"ನಿಮ್ಮಮ್ಮನ್ನ ಯಾರಾದ್ರೂ ಕೇಳಿದ್ರಾ, ಹಿಡೀತೀಯಾ ಅಂತ?"

"ಇಲ್ಲ."

"ನನ್ನ ಕೇಳಿ."

ಕೇಳಿದರೆ ಅವಳು ಹೂಂ ಅನ್ನುತ್ತಾಳೆ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಕೇಳಲಿಲ್ಲ. ಅವಳ ಮನೆಯಲ್ಲಿ ಎರಡು ಮಂಚ ಹಾಸಿ, ನಡುವೆ ಅವಳನ್ನು ನಿಲ್ಲಿಸಿ, ಅದನ್ನು ಪ್ರೀತಿ ಎಂದು ಕರೆಯಲು ಅವನಿಗೆ ಬಾಯಿ ಬರಲಿಲ್ಲ.

"ನಾಳೆ ಬೆಳಿಗ್ಗೆ ಎಂಟಕ್ಕೆ ರೈಲು" ಎಂದ. "ಭಾವ ಅಲ್ಲಿ ಸ್ಟೇಷನ್ನಿಗೆ ಬರ್ತಾರೆ."

ಅವಳು ಕಾರ್ಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸುವ ಸದ್ದು ಮಾತ್ರ ಕೇಳಿತು. ತಪ್ಪು ಕಾರ್ಡು ತಪ್ಪು ಜಾಗಕ್ಕೆ ಹೋಗುತ್ತಿರಬೇಕು. ಅವಳ ಕೈ ಎಂದೂ ಅಷ್ಟು ಬೇಗ ಓಡುತ್ತಿರಲಿಲ್ಲ.

"ಒಂದು ಕೇಳ್ಲಾ?" ಎಂದ.

ಸದ್ದು ನಿಂತಿತು.

"ನೋಡಬಹುದಾಗಿದ್ದಾಗ ಇಲ್ಲಿನ ನಿಯಮ ಅಡ್ಡ ಇತ್ತು. ನೋಡಬೇಕು ಅನ್ನಿಸಿದಾಗ ಕಣ್ಣಿರ್ಲಿಲ್ಲ. ನಿಮ್ಮನ್ನ ನಾನು ಚೂರು ಚೂರಾಗಿ ನೋಡಿದೀನಿ. ಒಂದು ದಿನ ಕಿವಿ, ಒಂದು ದಿನ ಬೆರಳು. ಎಲ್ಲ ಸೇರಿಸಿದ್ರೂ ಮುಖ ಆಗಲ್ಲ. ಅಂಚಲ್ಲಿ ಇನ್ನೂ ಒಂದಿಷ್ಟು ಬೆಳಕಿದೆ, ಅದೂ ಈ ವರ್ಷ ದಾಟಲ್ಲ ಅಂದಿದಾರೆ. ಆ ಕಿಟಕಿ ಹತ್ರ ಹೋಗಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ನಾನು ಗೋಡೆ ನೋಡ್ತೀನಿ, ಆಗ ಕಾಣ್ತೀರ. ಒಂದು ಸಲ ಪೂರ್ತಿ ನೋಡ್ಕೊಂಡು ಹೋಗ್ತೀನಿ."

ಕುರ್ಚಿ ಸರಿಯಿತು. ಅವಳು ಎದ್ದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರನೆಯದಕ್ಕೆ ಕಿಟಕಿ. ಅವನು ಉಸಿರು ಬಿಗಿಹಿಡಿದು ಗೋಡೆಯ ಕಡೆ ಕತ್ತು ತಿರುಗಿಸಿದ. ಕಣ್ಣಿನ ಕೊನೆಯಲ್ಲಿ ಬಿಸಿಲಿನ ಒಂದು ಪಟ್ಟಿ ಖಾಲಿಯಾಗಿ ಕಾದಿತ್ತು.

ಮೂರನೆಯ ಹೆಜ್ಜೆ ಕೇಳಲಿಲ್ಲ.

"ನೋಡಿದ್ರೆ ನಿಮಗೆ ಹೋಗೋಕೆ ಸುಲಭ ಆಗುತ್ತೆ" ಎಂದಳು.

"ಹ್ಞೂಂ. ಆಗುತ್ತೆ."

"ನೋಡದೆ ಹೋದ್ರೆ?"

"ಹೋದಲ್ಲೆಲ್ಲ ಹುಡುಕ್ತಾ ಇರ್ತೀನಿ."

ಬಿಸಿಲಿನ ಪಟ್ಟಿ ಖಾಲಿಯಾಗಿಯೇ ಇತ್ತು. ಅವಳ ಸೀರೆಯ ಸದ್ದು ಬೆಳಕಿನಿಂದ ಹಿಂದಕ್ಕೆ, ಕಪಾಟಿನ ನೆರಳಿನ ಕಡೆಗೆ ಸರಿಯಿತು. ಅಲ್ಲಿಂದ ಬಂದ ದನಿಯಲ್ಲಿ ಎಲ್ಲೂ ತಡವರಿಕೆಯಿರಲಿಲ್ಲ.

"ಇಲ್ಲ" ಎಂದಳು. "ನಿಲ್ಲಲ್ಲ ನಾನು."